ಶ್ರೀದೇವಿ ಹೇಳಬೇಡ ಎಂದ ಮಾತು

ಕೊಲಂಬಿಯಾ, ಮೇರಿಲ್ಯಾಂಡ್
21 ಅಕ್ಟೋಬರ್ 2018

ಪ್ರೀತಿಯ ಉಷಾ,

ಹೇಗಿದ್ದೀಯೆ? ಮಂಡಿಯ ಆಪರೇಷನ್ ಆದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅರ್ಧ ದಾರಿ ನಡೆದು ವಾಪಸ್ ಬಂದೆ ಎಂದು ನೀನು ಬರೆದಿದ್ದೆ. ಈ ಹೊತ್ತಿಗೆ ಪೂರ್ತಿ ಸುತ್ತು ಹಾಕುತ್ತಿರಬೇಕು. ನಿನ್ನ ಕಾಗದಕ್ಕೆ ಇಷ್ಟು ತಡಮಾಡಿದ್ದಕ್ಕೆ ಬೈಯಬೇಡ. ಹಿಂದೆಯೇ ಬರೆಯಲು ಕೂತಿದ್ದೆ. ಇಲ್ಲಿ ಎಲೆ ಕೆಂಪಾಗಿದೆ, ಚಳಿ ಶುರುವಾಗಿದೆ ಎಂದು ಬರೆದು ಎದ್ದುಬಿಟ್ಟೆ. ಮನಸ್ಸಿನಲ್ಲಿ ಇದ್ದದ್ದು ಎಲೆಯ ವಿಷಯವಲ್ಲ. ದಸರೆಗೆ ಫೋನಿನಲ್ಲಿ ಕಳಿಸಿದ ಶುಭಾಶಯವೂ ಯಾರೋ ಕಳಿಸಿದ್ದನ್ನೇ ನಿನ್ನತ್ತ ತಳ್ಳಿದ್ದು.

ನನ್ನ ಕೆಲಸ ನಿನಗೆ ಗೊತ್ತು. ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ನೆರವು ಅವರ ಕೈ ಸೇರುವ ಮೊದಲು, ಅದು ಸಲ್ಲಬೇಕಾದವರಿಗೇ ಸಲ್ಲುತ್ತಿದೆಯೇ ಎಂದು ಕಾಲೇಜು ನೋಡಬೇಕು. ಆ ನೋಡುವ ಕೆಲಸ ನಮ್ಮ ಆಫೀಸಿನದು. ಇಷ್ಟು ವರ್ಷ ಅದು ನನಗೆ ಭಾರವೆನಿಸಿರಲಿಲ್ಲ. ಈ ಆಗಸ್ಟಿನಲ್ಲಿ ಮಧುರಾಳ ಅರ್ಜಿ ನನ್ನ ಮೇಜಿಗೆ ಬಂತು.

ಮಧುರಾ ಯಾರೆಂದು ಹೇಳಬೇಕು. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಡಾಕ್ಟರ್ ಸೋಮಲಿಂಗಪ್ಪ ಎಂದು ಇದ್ದಾರೆ. ಬಾಗಲಕೋಟೆ ಕಡೆಯವರು, ಹೃದಯದ ಡಾಕ್ಟರು. ಇಲ್ಲಿನ ಕನ್ನಡದವರಲ್ಲಿ ಅವರ ಉಪಕಾರ ಪಡೆಯದ ಮನೆ ಕಡಿಮೆ. ಊರಿನಿಂದ ಬಂದ ಯಾರ ಅಪ್ಪ ಅಮ್ಮನಿಗೆ ಎದೆ ನೋವು ಬಂದರೂ ಮೊದಲು ಅವರಿಗೇ ಫೋನು. ಹೆಂಡತಿ ಶ್ರೀದೇವಿ. ಮಧುರಾ ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು, ನಮ್ಮ ನೀರಜಾಳಿಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಗೋಪಿನಾಥ ಅಂಕಲ್ ನಡೆಸುವ ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತವರು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೋಮಲಿಂಗಪ್ಪ ಹೆಂಡತಿಯನ್ನು ಹೊಡೆಯುತ್ತಿದ್ದಾಗ ಮಗಳು ಪೊಲೀಸರನ್ನು ಕರೆದಳು. ಅವರು ಬರುವಷ್ಟರಲ್ಲಿ ಶ್ರೀದೇವಿ ಮುಖ ತೊಳೆದುಕೊಂಡು, ಬಚ್ಚಲಿನಲ್ಲಿ ಜಾರಿಬಿದ್ದೆ ಎಂದಳು. ಪೊಲೀಸರು ಹೋದರು. ಅವರ ಹಿಂದೆಯೇ ಸೋಮಲಿಂಗಪ್ಪ ಮಗಳನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿದರು. ಮಧುರಾ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ನಮ್ಮ ಮನೆಗೆ ನಡೆದುಕೊಂಡು ಬಂದಳು. ಬೇಸಿಗೆಯುದ್ದಕ್ಕೂ ನೀರಜಾಳ ಕೋಣೆಯಲ್ಲಿ ಇದ್ದಳು. ಅಪ್ಪ ಓದಿಸುವುದಿಲ್ಲ ಎಂದಾಗ ನಮ್ಮ ಕಾಲೇಜಿನಲ್ಲಿ ತಾನೇ ನೆರವಿಗೆ ಅರ್ಜಿ ಹಾಕಿದಳು.

ಇಲ್ಲಿಯ ನಿಯಮ ವಿಚಿತ್ರ ಕಣೇ. ಇಪ್ಪತ್ತನಾಲ್ಕು ತುಂಬುವವರೆಗೆ, ಮದುವೆಯಾಗದ ಮಕ್ಕಳ ಅರ್ಹತೆಯನ್ನು ಅಪ್ಪ ಅಮ್ಮನ ಸಂಪಾದನೆ ನೋಡಿಯೇ ಅಳೆಯುವುದು. ಅವರು ಕೊಡುವುದಿಲ್ಲ ಎಂದರೆ ಅದು ಕಾರಣವಲ್ಲ. ಆ ಮನೆಯಲ್ಲಿ ಮಗು ಇರುವುದೇ ಅಪಾಯ, ಸಂಬಂಧ ಮುರಿದಿದೆ ಎಂದು ಹೊರಗಿನವರು ಸಾಕ್ಷಿ ಹೇಳಿದರೆ ಮಾತ್ರ ಅವಳನ್ನು ಸ್ವತಂತ್ರಳೆಂದು ಎಣಿಸಬಹುದು. ನಾನು ಅರ್ಜಿಯನ್ನು ಆ ಕ್ಷಣವೇ ನಮ್ಮ ಡೈರೆಕ್ಟರಿಗೆ ಒಪ್ಪಿಸಿದೆ. ಇವರು ನಮಗೆ ಪರಿಚಯ, ಹುಡುಗಿ ನಮ್ಮ ಮನೆಯಲ್ಲೇ ಇದ್ದಾಳೆ, ನಾನು ಇದನ್ನು ಮುಟ್ಟಬಾರದು ಎಂದೆ. ಆಕೆ ಒಳ್ಳೆಯ ಹೆಂಗಸು, ಆದರೆ ಅನುಭವಸ್ಥೆ. "ಡಾಕ್ಟರ ಮಗಳು ಬಡವರ ನೆರವು ಕೇಳುತ್ತಿದ್ದಾಳೆ. ಇಂಥ ನಾಟಕಗಳನ್ನು ನಾನು ನೋಡಿದ್ದೇನೆ, ಕಾತ್ಯಾ. ನಿನ್ನ ಮಾತಾಗಲಿ, ನಿನ್ನ ಮನೆಯವರ ಮಾತಾಗಲಿ ನಾನು ತೆಗೆದುಕೊಳ್ಳುವಂತಿಲ್ಲ. ಬೇರೆಯವರು ಬೇಕು," ಎಂದಳು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮಧುರಾಳ ಹೈಸ್ಕೂಲಿನ ಕೌನ್ಸೆಲರ್ ಒಬ್ಬರು ಬರೆದುಕೊಟ್ಟರು. ಆದರೆ ಅವರು ಕಣ್ಣಾರೆ ಕಂಡದ್ದು ಏನೂ ಇರಲಿಲ್ಲ. ಕಂಡವರು ಗೋಪಿನಾಥ ಅಂಕಲ್. ಹಿಂದೊಮ್ಮೆ ಶ್ರೀದೇವಿಯ ಕೈ ಮುರಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ. ಮಧುರಾ ಹೋಗಿ ಕೇಳಿದಳು. ಆಮೇಲೆ ನಾನೂ ಹೋದೆ.

"ನಮ್ಮ ಅಲಮೇಲುಗೆ ಸ್ಟೆಂಟ್ ಹಾಕಿದ್ದು ಅವ್ರೇ ಕಣಮ್ಮ," ಎಂದರು ಅಂಕಲ್, ಹೆಂಡತಿಯ ಮಾತೆತ್ತಿ. "ಈಗ್ಲೂ ತಿಂಗಳಿಗೊಂದ್ಸಲ ಮನೇಗೇ ಬಂದು ನೋಡಿ ಹೋಗ್ತಾರೆ. ಅಂಥೋರ ಮೇಲೆ ನಾನು ಹೇಗೆ ಹೇಳ್ಲಿ? ಗಂಡ ಹೆಂಡ್ತಿ ವಿಷ್ಯ. ಮಗು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗ್ಲಿ."

ಸಾಕ್ಷಿ ಹೇಳದೆ ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹುಡುಗಿ ಹೀಗೆ ಕೇಳಿಕೊಂಡು ಓಡಾಡುತ್ತಿದ್ದಾಳೆ ಎಂದು ಅಂಕಲ್ ಸೋಮಲಿಂಗಪ್ಪನವರಿಗೆ ತಿಳಿಸಿದರು. ಅವರು ನಮ್ಮ ಆಫೀಸಿಗೆ ಫೋನ್ ಮಾಡಿ, ತಂದೆ ತಾಯಿಯ ಮಾತನ್ನೂ ಕೇಳಬೇಕು ಎಂದು ಸಮಯ ಕೇಳಿದರು.

ಇಬ್ಬರೂ ಬಂದರು. ಸೋಮಲಿಂಗಪ್ಪ ಎಷ್ಟು ಚೆನ್ನಾಗಿ ಮಾತನಾಡಿದರು ಅಂತೀಯೆ! ಈ ವಯಸ್ಸಿನ ಹುಡುಗಿಯರು, ಎರಡು ಸಂಸ್ಕೃತಿಯ ನಡುವೆ ಸಿಕ್ಕಿಬಿದ್ದ ಮಕ್ಕಳು, ತಂದೆಯ ನೋವು. ಡೈರೆಕ್ಟರ್ ಕೋಣೆಯ ಗಾಜಿನ ಆಚೆ ಕೂತು ಕೇಳಿಸಿಕೊಳ್ಳುತ್ತಿದ್ದ ನನಗೇ ಒಂದು ಗಳಿಗೆ ನಿಜವಿರಬಹುದು ಅನ್ನಿಸಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂದು ಅವರು ಫೋನ್ ಹಿಡಿದು ಹೊರಗೆ ಹೋದರು. ಡೈರೆಕ್ಟರ್ ಶ್ರೀದೇವಿಯನ್ನು ನೇರವಾಗಿ ಕೇಳಿದಳು. ಶ್ರೀದೇವಿಯ ಇಂಗ್ಲಿಷ್ ತಡವರಿಸಿತು. ಡೈರೆಕ್ಟರ್ ಬಾಗಿಲಿಗೆ ಬಂದು ನನ್ನನ್ನು ಕರೆದಳು. "ಇದೊಂದು ನಿಮಿಷ ಅವರ ಮಾತನ್ನು ನನಗೆ ಹೇಳು. ನೀನಾಗಿ ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ," ಎಂದಳು.

ಶ್ರೀದೇವಿ ನನ್ನ ಮುಖ ನೋಡಿದಳು. "ಬಾಗಲಾ ತೆಗದೇ ಐತ್ರಿ. ಆಕಿ ಯಾವಾಗ ಬೇಕಾದ್ರೂ ಬರಬಹುದು," ಎಂದಳು. ಅದನ್ನು ಹೇಳಿದೆ. ಡೈರೆಕ್ಟರ್ ತಲೆಯಾಡಿಸಿದಳು. ಆಗ ಶ್ರೀದೇವಿ ಅದೇ ಮೆಲುದನಿಯಲ್ಲಿ, ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಮುಂದುವರಿಸಿದಳು: "ಹಂಗಂತ ಹೇಳು ಅಂದಾರ್ರಿ ಅಕ್ಕಾರ, ಹೇಳೇನಿ. ಆಕಿ ಬರೂದು ಬ್ಯಾಡ. ಬಂದ್ರ ಆಕಿನ್ನೂ ಬಡೀತಾರ. ಓದಿ ಎಲ್ಲಿಗರೆ ದೂರ ಹೋಗಲಿ. ಇದನ್ನ ಮಾತ್ರ ಈಕಿ ಮುಂದ ಹೇಳಬ್ಯಾಡ್ರಿ. ನಾ ಮತ್ತ ಅದೇ ಕಾರಿನ್ಯಾಗ ಮನಿಗೆ ಹೋಗಬೇಕು."

ಡೈರೆಕ್ಟರ್ ನನ್ನ ಕಡೆ ತಿರುಗಿದಳು. "ಇಷ್ಟುದ್ದ ಏನು ಹೇಳಿದರು?"

ಉಷಾ, ಆ ಕ್ಷಣದಲ್ಲಿ ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಯೋಚಿಸಿದೆ. ಬೇಸಿಗೆಯಿಡೀ ನನ್ನ ಮನೆಯಲ್ಲಿ, ತಟ್ಟೆ ತೊಳೆಯಲು ಬಿಡದಿದ್ದರೆ ಊಟಕ್ಕೇ ಕೂರುವುದಿಲ್ಲ ಎನ್ನುತ್ತಿದ್ದ ಆ ಹುಡುಗಿ ಕಣ್ಮುಂದೆ ಬಂದಳು. ತಾಯಿಯೇ ಸಾಕ್ಷಿ ಹೇಳಿದ್ದಾಳೆ, ಇದಕ್ಕಿಂತ ದೊಡ್ಡದು ಇನ್ನೆಲ್ಲಿ ಸಿಗುತ್ತದೆ ಎಂದುಕೊಂಡೆ. ಒಂದಕ್ಷರ ಬಿಡದೆ ಹೇಳಿದೆ. ಹೇಳಬೇಡ ಎಂದಿದ್ದನ್ನೂ ಹೇಳಿದೆ. ಶ್ರೀದೇವಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಅವಳು ನನ್ನನ್ನು ತಡೆಯಲಿಲ್ಲ. ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ಡೈರೆಕ್ಟರ್ ಅವಳ ಕಡೆ ಬಾಗಿ, ನಿಮಗೆ ಸಹಾಯ ಬೇಕೇ, ಪೊಲೀಸರನ್ನು ಈಗಲೇ ಕರೆಯುತ್ತೇನೆ ಎಂದಳು. ಶ್ರೀದೇವಿ ಬೇಡವೆಂದು ತಲೆಯಾಡಿಸಿದಳು. ಸೋಮಲಿಂಗಪ್ಪ ಒಳಗೆ ಬಂದು ಎಲ್ಲರಿಗೂ ಥ್ಯಾಂಕ್ಯೂ ಹೇಳಿ ಅವಳನ್ನು ಕರೆದುಕೊಂಡು ಹೋದರು.

ಮಧುರಾಳಿಗೆ ನೆರವು ಮಂಜೂರಾಯಿತು. ಅವತ್ತು ನಮ್ಮ ಮನೆಯಲ್ಲಿ ಪಾಯಸ ಮಾಡಿದೆ. ನಮ್ಮವರು ತ್ಯಾಗರಾಜ, ಯಾವತ್ತೂ ಅಷ್ಟು ಮಾತಾಡುವವರಲ್ಲ, ಅವರೂ ಹುಡುಗಿಯರ ಜೊತೆ ಕೂತು ಹರಟೆ ಹೊಡೆದರು. ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಹೋದಾಗ ಮಧುರಾ ಗೋಪಿನಾಥ ಅಂಕಲ್ ಕಾಲಿಗೆ ನಮಸ್ಕಾರ ಮಾಡಿ, "ನನಗೆ ಕಾಲೇಜಿನ ಏಡ್ ಸಿಕ್ತು ಅಂಕಲ್," ಎಂದಳಂತೆ. ಕಲಿಸಿದ ಮೇಷ್ಟ್ರು, ಖುಷಿಪಡುತ್ತಾರೆ ಎಂದುಕೊಂಡಿದ್ದಳು.

ಅಂಕಲ್ ಬಾಯಿಂದ ಆ ಸುದ್ದಿಯೂ ಸೋಮಲಿಂಗಪ್ಪನವರಿಗೆ ಮುಟ್ಟಿತು. ಅವರು ದಡ್ಡರಲ್ಲ. ತಾವು ಹೊರಗೆ ಹೋದ ಮೇಲೆ ಆ ಕೋಣೆಯಲ್ಲಿ ಯಾರು ಮಾತನಾಡಿರಬೇಕು ಎಂದು ಲೆಕ್ಕ ಹಾಕುವುದು ಅವರಿಗೆ ಕಷ್ಟವಾಗಲಿಲ್ಲ. ಆ ವಾರ ಶ್ರೀದೇವಿ ಮೆಟ್ಟಿಲಿನಿಂದ ಬಿದ್ದಳು ಎಂದು ಸುದ್ದಿ ಬಂತು. ಹೆಗಲಿನ ಮೂಳೆ, ಎರಡು ಪಕ್ಕೆಲುಬು. ಮಧುರಾ ಆಸ್ಪತ್ರೆಗೆ ಓಡಿದವಳು ನಮ್ಮ ಮನೆಗೆ ತಿರುಗಿ ಬರಲಿಲ್ಲ.

ನೆರವು ಬಿಡುಗಡೆ ಮಾಡುವ ಮುನ್ನ ನಾವು ನೋಡುವ ಕೊನೆಯ ವಿಷಯ, ವಿದ್ಯಾರ್ಥಿ ತರಗತಿಗೆ ಬರುತ್ತಿದ್ದಾರೆಯೇ ಎಂಬುದು. ಅವಳ ಎಲ್ಲ ಮೇಷ್ಟ್ರುಗಳಿಂದಲೂ ಒಂದೇ ಉತ್ತರ: ಬರುವುದನ್ನು ನಿಲ್ಲಿಸಿದ್ದಾಳೆ. ನಾನು ಅವರ ಮನೆಗೆ ಹೋದೆ. ಮಧುರಾಳೇ ಬಾಗಿಲು ತೆಗೆದಳು, ಪೂರ್ತಿ ತೆಗೆಯಲಿಲ್ಲ. ಕೈಯಲ್ಲಿ ಗಂಜಿಯ ಬಟ್ಟಲಿತ್ತು.

"ಕ್ಲಾಸಿಗೆ ಬಾ ಮಗಳೇ. ಇನ್ನೂ ಟೈಮ್ ಇದೆ, ನಾನು ಮಾತಾಡ್ತೀನಿ," ಎಂದೆ.

"ನಾನ್ ಇದ್ರೆ ಡ್ಯಾಡಿ ಸ್ವಲ್ಪ ಕಂಟ್ರೋಲಲ್ಲಿ ಇರ್ತಾರೆ, ಆಂಟಿ. ಅಮ್ಮನ್ನ ಬಿಟ್ಟು ಬರಕ್ಕಾಗಲ್ಲ."

"ಪೊಲೀಸ್ನೋರಿಗೆ ಹೇಳೋಣ. ಈ ಸಲ ನಾನೇ ಜೊತೇಲಿ ನಿಂತ್ಕೋತೀನಿ."

"ಅಮ್ಮ ಮೆಟ್ಟಿಲು ಅಂತಾನೇ ಹೇಳಿದಾಳೆ." ಆಮೇಲೆ ಕೇಳಿದಳು, "ಅಮ್ಮ ಬೇಡ ಅಂದಿದ್ಲಂತೆ. ನೀವ್ ಯಾಕ್ ಹೇಳಿದ್ರಿ, ಆಂಟಿ?"

ಒಳಗಿನಿಂದ ಸೋಮಲಿಂಗಪ್ಪನವರ ದನಿ ಕೇಳಿಸಿತು, ಯಾವತ್ತಿನಷ್ಟೇ ಮರ್ಯಾದೆಯದು: "ಯಾರ್ ಬಂದಾರವ್ವಾ? ಕಾತ್ಯಾಯಿನಿ ಮೇಡಮ್ಮಾರೇನು? ಒಳಗ ಬರ್ರಿ, ಚಾ ಕುಡದು ಹೋಗ್ರಿ."

ನಾನು ಹೋಗಲಿಲ್ಲ. ಮರುದಿನ ಅವಳ ನೆರವನ್ನು ನಾವು ರದ್ದು ಮಾಡಿದೆವು. ಅಪ್ಪ ಅಮ್ಮನ ಜೊತೆಗೇ ಬಾಳುತ್ತಿರುವ ಮಗಳು, ತರಗತಿಗೆ ಬಾರದವಳು. ನಿಯಮದ ಪ್ರಕಾರ ಅರ್ಹಳಲ್ಲ. ಡೈರೆಕ್ಟರ್ ನನ್ನ ಭುಜ ಮುಟ್ಟಿ, ನೀನು ಮಾಡಿದ್ದು ಸರಿ ಕಾತ್ಯಾ ಎಂದಳು. ಈ ದೇಶದಲ್ಲಿ ಎಲ್ಲರೂ ಸರಿಯಾದದ್ದನ್ನೇ ಮಾಡಿದರು ನೋಡು. ಪೊಲೀಸರು, ಡೈರೆಕ್ಟರ್, ನಾನು. ಮೊನ್ನೆ ಇಲ್ಲಿನ ಕನ್ನಡದವರ ದಸರಾ ಊಟದಲ್ಲಿ ಸೋಮಲಿಂಗಪ್ಪನವರಿಗೆ ಶಾಲು ಹೊದಿಸಿದರು. ಗೋಪಿನಾಥ ಅಂಕಲ್ ಭಾಷಣ ಮಾಡಿದರು. ಚಪ್ಪಾಳೆ ತಟ್ಟದೆ ಕೂತ ನನ್ನನ್ನೇ ಜನ ತಿರುಗಿ ನೋಡಿದರು.

ಬರೆದು ಹಗುರಾಯಿತು ಎಂದು ಹೇಳಲಾರೆ. ನಿನಗಾದರೂ ಗೊತ್ತಿರಲಿ ಎಂದು ಬರೆದೆ. ನಿನ್ನ ಮಗಳ ಬಾಣಂತನ ಹತ್ತಿರ ಬಂತಲ್ಲ, ಮಂಡಿಯ ಮೇಲೆ ಭಾರ ಹಾಕಬೇಡ. ತಾಯಿ ಮಗು ಇಬ್ಬರೂ ಸುಖವಾಗಿರಲಿ. ಆ ಮಗು ಬೆಳೆದು ತನ್ನ ಮನಸ್ಸಿನಲ್ಲಿ ಇರುವುದನ್ನು ಹೆದರಿಕೆಯಿಲ್ಲದೆ ಅಜ್ಜಿಯ ಹತ್ತಿರ ಹೇಳುವಂತಾಗಲಿ. ನನ್ನ ಆಶೀರ್ವಾದ ಇಷ್ಟೇ.

ನಿನ್ನ
ಕಾತ್ಯಾಯಿನಿ

ಮರೆತ ಮಾತು: ನೀರಜಾ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ. ಚೆನ್ನಾಗಿದ್ದಾಳೆ. ಕಾಲೇಜುಗಳಿಗೆ ಅಪ್ಲೈ ಮಾಡುತ್ತಿದ್ದಾಳೆ, ಎಲ್ಲವೂ ನಾರ್ತ್ ಕ್ಯಾರೊಲೈನಾದವು, ಹತ್ತಿರದ್ದು ಒಂದೂ ಇಲ್ಲ. ಹೋದ ಶನಿವಾರ ಬಟ್ಟೆ ಮಡಿಸಿಕೊಂಡು ಅವಳ ಕೋಣೆಯ ಕಡೆ ಹೋದೆ. ಒಳಗೆ ಅಪ್ಪನ ಹತ್ತಿರ ಅಳುತ್ತಾ ಏನೋ ಹೇಳುತ್ತಿದ್ದಳು. ನನ್ನ ಹೆಜ್ಜೆ ಕೇಳಿ ದನಿ ತಗ್ಗಿಸಿದಳು. ಆದರೂ ಕೊನೆಯ ಮಾತು ಕೇಳಿಸಿತು: "ಅಮ್ಮಂಗೆ ಹೇಳ್ಬೇಡಿ ಅಪ್ಪ, ಪ್ಲೀಸ್. ಅವ್ಳು ಸರಿಯಾದದ್ದನ್ನೇ ಮಾಡ್ಬಿಡ್ತಾಳೆ." ವಿಷಯ ಏನೆಂದು ನಮ್ಮವರು ಇನ್ನೂ ನನಗೆ ಹೇಳಿಲ್ಲ.