ಏಳು ತಿಂಗಳಿಗೆ ಹುಟ್ಟಿದವನು

ಮುಂಬಯಿ, 1966

ಅತ್ತೆಯವರಿಗೆ ಸೊಸೆ ಅಬಿದಾಳ ಸಲಾಮ್.

ಇಲ್ಲಿಯ ಆಸ್ಪತ್ರೆಯಲ್ಲಿ ಕೂಸು ದಸ್ತಗೀರ ಹಾಲು ಕುಡಿಯುತ್ತಿದ್ದಾನೆ. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳ ಅವನಿಗೆ ಕಿರಿದಾಗಿದೆಯಂತೆ. ಅದನ್ನು ಅಗಲಿಸುವ ದಾರಿ ಡಾಕ್ಟರರಿಗೂ ತಿಳಿಯದು. ಎಷ್ಟು ದಿನ ಇರುತ್ತಾನೆ ಎಂದು ಕೇಳಿದೆ. ಹೇಳಲಾಗದು ಎಂದರು. ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ನಾನು ಋಣಿ.

ಡಾಕ್ಟರು ನಮ್ಮ ಬಾಗೇವಾಡಿ ಕಡೆಯವರೇ. ಹಾಗಾಗಿ ಗ್ರಹಣದ ಮಾತನ್ನೂ ಕೇಳಿಬಿಟ್ಟೆ. ನಾನು ಬಸುರಿಯಿದ್ದಾಗ ಉಪ್ಪಿನಕಾಯಿಗೆ ನಿಂಬೆ ಹೆಚ್ಚಲು ನೀವು ಹೇಳಿದಿರಿ. ಅಂದು ಗ್ರಹಣವೆಂಬುದು ನಮ್ಮಿಬ್ಬರಿಗೂ ಮರೆತಿತ್ತು. ಡಾಕ್ಟರು ನಕ್ಕರು. "ನಿಂಬಿಹಣ್ಣು ಹೆಚ್ಚಿದ್ರ ನಿಂಬಿಹಣ್ಣಷ್ಟ ಹೋಳಾಗತೈತಿ, ತಂಗಿ. ಕೂಸಿನ ನರಕ್ಕೇನೂ ಆಗೂದಿಲ್ಲ." ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಅವರು ಇದನ್ನು ಕಂಡಿದ್ದಾರೆ, ಯಾಕೆಂದು ಅವರಿಗೂ ಗೊತ್ತಿಲ್ಲ.

ಆಮೇಲೆ, "ಏಳು ತಿಂಗಳ ಕೂಸನ್ನ ಮನ್ಯಾಗ ಯಾರು ಉಳಿಸಿಕೊಂಡ್ರು?" ಎಂದು ಕೇಳಿದರು. ಅರಳೆ ಸುತ್ತಿ, ಆ ಚಳಿಗಾಲವೆಲ್ಲ ಎದೆಗೆ ಅವಚಿಕೊಂಡಿದ್ದವರು ನೀವೆಂದು ಹೇಳಿದೆ. ಅವರು ಉಳಿದ ಡಾಕ್ಟರರನ್ನು ಕರೆದು, ನನ್ನಿಂದ ಅದನ್ನೇ ಮತ್ತೊಮ್ಮೆ ಹೇಳಿಸಿದರು.

ಅವನ ತುಟಿ ನೀಲಿಯಾದ ದಿನದಿಂದ, ತಪ್ಪು ನಿಮ್ಮದೆಂದುಕೊಂಡು ನೀವು ಅವನನ್ನು ಮುಟ್ಟಿಲ್ಲ. ಮಲಗಿಸಿದರೆ ಅವನಿಗೆ ಏದುಸಿರು. ಹೆಗಲ ಮೇಲಿದ್ದರೆ ನಿದ್ದೆ ಮಾಡುತ್ತಾನೆ. ನನ್ನ ತೋಳುಗಳು ಸೋತಿವೆ.

ಶುಕ್ರವಾರ ಬೆಳಗಿನ ಗಾಡಿಗೆ ಬರುತ್ತೇವೆ. ಸ್ಟೇಷನ್ನಿಗೆ ಬೇರೆ ಯಾರನ್ನೂ ಕಳಿಸದೆ ನೀವೇ ಬನ್ನಿ. ಕೂಸನ್ನು ನಿಮ್ಮ ಕೈಗೆ ಕೊಟ್ಟ ಮೇಲೆಯೇ ನಾನು ಇಳಿಯುತ್ತೇನೆ.

ನಿಮ್ಮ ಮನೆಯ
ಅಬಿದಾ