ಸುತ್ತಿಟ್ಟ ಹಗ್ಗ

ಕುರ್ಲಾ, ಮುಂಬಯಿ
೯ ಆಗಸ್ಟ್ ೧೯೫೪

ಪ್ರೀತಿಯ ತಂಗಿ ರುದ್ರವ್ವಗೆ ಅಣ್ಣ ಈರಣ್ಣನ ಆಶೀರ್ವಾದಗಳು.

ಹೇಗಿದ್ದೀ? ಯುಗಾದಿಯಿಂದ ಕಾಡುತ್ತಿದ್ದ ಕೆಮ್ಮು ನಿಂತಿತೇ? ಕಷಾಯ ಎಂದರೆ ಮುಖ ಸಿಂಡರಿಸುವವಳು ನೀನು. ಚಿಕ್ಕಂದಿನಲ್ಲಿ ಅವ್ವ ಕೊಟ್ಟದ್ದನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದು, ನೋಡು, ಎಮ್ಮೆಗೆ ಇನ್ನು ಕೆಮ್ಮು ಬರೋದಿಲ್ಲ ಎಂದು ನಕ್ಕಿದ್ದೆ. ಅತ್ತೆಯವರು, ನಿನ್ನ ಮನೆಯವರು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನನಗೇನೂ ಆಗಿಲ್ಲ. ಈ ಮಳೆಯಲ್ಲಿ ಚಾಳಿನ ಗೋಡೆಯೂ ಒದ್ದೆ, ನನ್ನ ಖಾಕಿ ಬಟ್ಟೆಯೂ ಒದ್ದೆ, ಅದನ್ನೇ ಹಾಕಿಕೊಂಡು ಡ್ಯೂಟಿಗೆ ಹೋಗುತ್ತೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅದೇ ನನಗೆ ವಿಚಿತ್ರವೆನಿಸುತ್ತಿದೆ.

ನೀವು ಪೋಲೀಸರು ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂದು ಹೇಗೆ ತೀರ್ಮಾನಿಸುತ್ತೀರಿ ಎಂದು ನೀನೊಮ್ಮೆ ಕೇಳಿದ್ದೆ. ನಾನು ಮೀಸೆ ತಿರುವಿ, ಕಾಯಿದೆ ಪುಸ್ತಕ ನೋಡಿ ಎಂದಿದ್ದೆ. ಅದು ಸುಳ್ಳು ತಂಗೀ. ಹನ್ನೆರಡು ವರ್ಷದ ನೌಕರಿಯಲ್ಲಿ ನಾನು ನೋಡಿದ್ದು ಮುಖ, ಮಾತಿನ ರೀತಿ, ಜೊತೆಗೆ ಬಂದವರು ಯಾರು ಎಂಬುದನ್ನು. ಸಾರಾಯಿ ಕುಡಿದು ಸಿಕ್ಕಿಬಿದ್ದ ಹಮಾಲನನ್ನು, ಮನೆಯಲ್ಲಿ ಕೂಸು ಹುಟ್ಟಿದೆ ಎಂದನೆಂದು ಬಿಟ್ಟಿದ್ದೇನೆ. ಎದುರುತ್ತರ ಕೊಟ್ಟನೆಂದು ಅಂಥವನನ್ನೇ ಒಳಗೂ ಹಾಕಿದ್ದೇನೆ. ಸಾಹೇಬರು ಏನೂ ಅನ್ನುವುದಿಲ್ಲ. ನಮಗೂ ಅದು ರೂಢಿಯಾಗಿಬಿಡುತ್ತದೆ.

ಕಳೆದ ತಿಂಗಳು ಇಲ್ಲಿನ ಒಂದು ಚಾಳಿನ ಬಾವಿಯಿಂದ ಒಬ್ಬ ಹೆಂಗಸನ್ನು ಎತ್ತಿ ಠಾಣೆಗೆ ಕರೆತಂದರು. ಹೆಸರು ಬಸಲಿಂಗವ್ವ, ನಮ್ಮ ವಿಜಾಪುರದ ಕಡೆಯವಳು. ಅವಳಿಗೆ ಮರಾಠಿ ಬಾರದು, ಹಾಗಾಗಿ ಸಾಹೇಬರು ವಿಚಾರಣೆಯನ್ನು ನನಗೆ ಒಪ್ಪಿಸಿದರು. ತಾನಾಗಿ ಹಾರಿ ಬದುಕಿದವರನ್ನು ಕಾಯಿದೆಯ ಪ್ರಕಾರ ಹಿಡಿಯಬೇಕು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಾಲು ಜಾರಿ ಬಿದ್ದಿದ್ದರೆ ಮನೆಗೆ ಕಳಿಸಬಹುದು. ನಾನು ಹೋಗಿ ಬಾವಿ ನೋಡಿದೆ. ತುಂಬಿದ ಕೊಡ ಕಟ್ಟೆಯ ಮೇಲೆ ನೆಟ್ಟಗೆ ಕೂತಿತ್ತು. ಪಕ್ಕದಲ್ಲಿ ಹಗ್ಗ ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ನೀರು ಸೇದುವಾಗ ಜಾರಿದವರ ಹಗ್ಗ ಹೀಗಿರುವುದಿಲ್ಲ, ಕೊಡ ಉರುಳದೆ ಇರುವುದಿಲ್ಲ. ಮನೆಗೆ ಬೇಕಾದ ನೀರು ತುಂಬಿಟ್ಟೇ ಅವಳು ಹಾರಿದ್ದಳು. ನನಗೆ ಆಗಲೇ ತಿಳಿಯಿತು.

ಠಾಣೆಗೆ ಮರಳಿದಾಗ ಅವಳ ಗಂಡ ಸಂಗಪ್ಪ ಒಣ ಸೀರೆ ಹಿಡಿದುಕೊಂಡು ನಿಂತಿದ್ದ. ನನ್ನನ್ನು ಕಂಡು ಕೈಮುಗಿದ. ಅವಳ ಎರಡೂ ಮುಂಗೈ ಕಪ್ಪಗೆ ಕಂದಿದ್ದವು. ಅವಳು ಅಳಲಿಲ್ಲ. "ಯಪ್ಪಾ, ನಾ ಬೇಕಂತನ ಬಿದ್ದೀನ್ರಿ. ನನ್ನ ಒಳಗ ಹಾಕ್ರಿ, ಮನಿಗಿ ಮಾತ್ರ ಕಳಸಬ್ಯಾಡ್ರಿ" ಎಂದಳು. "ಆಕಿಗಿ ತಿಳಿಯಂಗಿಲ್ರಿ, ಕಾಲ ಜಾರೇತಿ" ಎಂದ ಗಂಡ. ನಾನು ಒಳ್ಳೆಯದನ್ನೇ ಯೋಚಿಸಿದೆ. ಮರ್ಯಾದಸ್ಥ ಮನೆಯ ಹೆಣ್ಣುಮಗಳು, ಕಳ್ಳಿಯರ ಜೊತೆ ಹೇಗೆ ಕೂರಿಸುವುದು, ಊರಿಗೆ ಸುದ್ದಿ ಹೋದರೆ ಗತಿಯೇನು ಎಂದುಕೊಂಡೆ. ಕಾಲು ಜಾರಿ ಬಿದ್ದಳು ಎಂದು ಬರೆದೆ. ಸಾಹೇಬರು ಶಹಾಬಾಸ್ ಅಂದರು. ಮುಂಗೈಗೆ ಏನಾಯಿತೆಂದು ನಾನು ಕೇಳಲಿಲ್ಲ. ಅವಳು ಗಂಡನ ಹಿಂದೆ ನಡೆದುಕೊಂಡು ಹೋದಳು.

ಹನ್ನೊಂದು ದಿನದ ಮೇಲೆ ಅದೇ ಬಾವಿಗೆ ನನ್ನನ್ನು ಕರೆದರು. ಈ ಸಲ ಹಿಡಿಯುವುದೋ ಬಿಡುವುದೋ ಎಂಬ ಪ್ರಶ್ನೆ ಉಳಿದಿರಲಿಲ್ಲ. ಕೊಡ ತುಂಬಿತ್ತು, ಹಗ್ಗ ಸುತ್ತಿಟ್ಟಿತ್ತು. ಪಂಚನಾಮೆ ಬರೆದೆ, ಅಕ್ಷರಗಳು ದುಂಡಗೇ ಬಂದವು. ಚಾಳಿನ ನನ್ನ ಖೋಲಿಗೆ ಬಂದು ಎರಡು ರೊಟ್ಟಿ ತಿಂದೆ. ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗಿದೆ. ಅಂದು ಹಿಡಿದಿದ್ದರೆ ಮ್ಯಾಜಿಸ್ಟ್ರೇಟರಾದರೂ ಏಕಮ್ಮಾ ಎಂದು ಒಂದು ಮಾತು ಕೇಳುತ್ತಿದ್ದರೇನೋ. ಅವಳ ಭಾಷೆ ಬಲ್ಲವನು ಆ ಠಾಣೆಯಲ್ಲಿ ನಾನೊಬ್ಬನೇ ಇದ್ದೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಣ್ಣ
ಈರಣ್ಣ

ತಾ.ಕ.: ಸಹಿ ಹಾಕಿದ ಮೇಲೆ ಟ್ರಂಕಿನಿಂದ ನಿನ್ನ ಯುಗಾದಿಯ ಕಾಗದ ತೆಗೆದು ಓದಿದೆ. "ಬಾವಿಯೊಳಗ ಕಾಲ ಜಾರಿ ಬಿದ್ದಿದ್ದೆ ಅಣ್ಣಾ, ಗಾಬರಿ ಆಗಬ್ಯಾಡ. ಕೊಡಕ್ಕ ಏನೂ ಆಗಿಲ್ಲ, ತುಂಬಿಟ್ಟಿದ್ದೆ. ಹಗ್ಗಾನೂ ಸುತ್ತಿಟ್ಟಿದ್ದೆ" ಎಂದು ಬರೆದಿದ್ದೀ. ಆಗ ನಾನು ನಕ್ಕಿದ್ದೆ. ನನ್ನ ತಂಗಿ ಬಾವಿಗೆ ಬಿದ್ದರೂ ಕೊಡ ಉಳಿಸಿದಳೆಂದು ಠಾಣೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಈ ಕಾಗದವನ್ನು ಅಂಚೆಗೆ ಹಾಕಿದರೆ ನಿನ್ನ ಮನೆಯವರು ಮೊದಲು ಒಡೆಯುತ್ತಾರೆ. ಅದಕ್ಕೇ ರಜೆಯ ಮೇಲೆ ನಿಮ್ಮೂರ ಕಡೆಗೆ ಹೊರಟಿರುವ ನಮ್ಮ ಸಿಪಾಯಿ ಶೆಟ್ಟೆಪ್ಪನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು, ಉತ್ತರ ಬರೆಯಬೇಡ. ಏಕೆ ಎಂದು ಎದುರಿಗೇ ಕೇಳುತ್ತೇನೆ. ಶನಿವಾರ ಬರುತ್ತೇನೆ, ಸೀರೆಗಳನ್ನು ಗಂಟು ಕಟ್ಟಿಡು. ಅಲ್ಲಿಯವರೆಗೆ ಯಾರು ಏನೇ ಅನ್ನಲಿ, ನೀರಿಗೆ ಹೋಗಬೇಡ.