ನಲವತ್ತೊಂದನೇ ಪುಟದ ಒಂದು ಸಾಲು

ದೋಣಿಗಳಿಗೆ ಅಪಾಯಸೂಚಕ ಯಂತ್ರ ಹಂಚಿ, ಅದರ ಕೈಪಿಡಿಯನ್ನೂ ಬರೆಸಿದ ಮಾನ್ಯ ಅಧಿಕಾರಿಗಳೇ,

ತಮ್ಮ ಕೈಪಿಡಿಯನ್ನು ನಾನು ಕೊನೆಗೂ ಪೂರ್ತಿ ಓದಿದೆ. ಅರವತ್ತೆಂಟು ಪುಟ. ಓದಿ ಮುಗಿಸುವಷ್ಟರಲ್ಲಿ ನನ್ನ ಅಣ್ಣ ರಮಾನಂದ ಸಮುದ್ರದ ಪಾಲಾಗಿ ಹನ್ನೊಂದು ದಿನವಾಗಿತ್ತು. ಯಂತ್ರವನ್ನು ತೆರೆದ ಆಕಾಶದ ಕೆಳಗೇ ಇಡಬೇಕು, ಮರೆಯಲ್ಲಿಟ್ಟರೆ ದಡಕ್ಕೆ ಸಂಕೇತ ಹೋಗುವುದಿಲ್ಲ ಎಂಬ ಸಾಲನ್ನು ತಾವು ನಲವತ್ತೊಂದನೇ ಪುಟದಲ್ಲಿ, ಹಳೆ ಬ್ಯಾಟರಿ ಎಸೆಯುವ ನಿಯಮಗಳ ಕೆಳಗೆ ಬಚ್ಚಿಟ್ಟಿದ್ದೀರಿ. ಅದಕ್ಕೂ ಮುಂಚೆ ಏನಿದೆ? ಮೂವರು ಗಣ್ಯರ ಸಂದೇಶ, ಭಾವಚಿತ್ರ ಸಮೇತ. ಯೋಜನೆಯ ಹಿನ್ನೆಲೆ. ಮುಳುಗುವ ದೋಣಿಯಲ್ಲಿ ನಿಂತವನು ಯಾವ ಗಣ್ಯರ ಸಂದೇಶವನ್ನು ಮೊದಲು ಓದಬೇಕೆಂದು ತಮ್ಮ ಅಪೇಕ್ಷೆ?

ತದಡಿ ಬಂದರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಯಂತ್ರ ಸಿಕ್ಕಿದ ದಿನ ಅಣ್ಣ ಪುಸ್ತಕ ತಂದು ಮುಂದಿಟ್ಟ. "ಮಾಲತೀ, ಎಂತ ಬರದದೆ ನೋಡೆ. ನಮ್ಗೆ ಬೇಕಾದ್ದಷ್ಟೇ ಹೇಳು." ಒಂಬತ್ತು ಪುಟ ಓದಿದೆ. "ಸದರಿ ಉಪಕರಣದ ಕ್ರಿಯಾಶೀಲಗೊಳಿಸುವಿಕೆಯ ಪೂರ್ವಭಾವಿ ಷರತ್ತುಗಳು" ಎಂದು ಓದುವಾಗ ಇಬ್ಬರಿಗೂ ನಗು ಬಂತು. "ಆತು ಬಿಡು, ಕೆಂಪು ಗುಂಡಿ ಒತ್ತೂದು, ಅಷ್ಟೇ ಅಲಾ?" ಎಂದ. ನಾನೂ ಹೌದೆಂದೆ. ಆ ಮಾತು ನನ್ನನ್ನು ಈಗಲೂ ಸುಡುತ್ತಿದೆ. ತಮಗೆ ನಿದ್ದೆ ಚೆನ್ನಾಗಿ ಬರುತ್ತಿದೆಯೇ?

ನಮ್ಮಲ್ಲಿ ದೋಣಿಗೆ ಹೊಸದೇನು ಬಂದರೂ ಅದರ ಜಾಗ ದೇವರ ಹತ್ತಿರ. ಅಣ್ಣ ಯಂತ್ರಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಕ್ಯಾಬಿನ್ನಿನ ಒಳಗೆ ದೇವರ ಪಟದ ಪಕ್ಕ ಭದ್ರವಾಗಿ ಕಟ್ಟಿದ. ಜೀವ ಉಳಿಸುವ ವಸ್ತುವನ್ನು ಇನ್ನೆಲ್ಲಿ ಇಡುತ್ತಾರೆ? ಅದೇ ದೋಣಿಯಲ್ಲಿದ್ದು, ಮರುದಿನ ಬೇರೆ ದೋಣಿಯ ಬಲೆಗಾರರು ಎತ್ತಿ ತಂದ ವಿನೋದ ಹೇಳಿದ: "ಸೊಂಟದ ತನಕ ನೀರು ಬಂದ್ರೂ ಅಣ್ಣ ಗುಂಡಿ ಬಿಡ್ಲಿಲ್ಲ. ಬತ್ರು, ಈಗ ಬತ್ರು ಅಂತಿದ್ದ." ಯಾರಿಗೂ ಸುದ್ದಿಯೇ ಹೋಗಿರಲಿಲ್ಲ.

ತಮಗೆ ಎರಡು ಪತ್ರ ಬರೆದೆ. ಎರಡನೆಯದಕ್ಕೆ ಉತ್ತರ ಬಂತು: "ಬಳಕೆದಾರರು ಸೂಚನೆ ಪಾಲಿಸಿಲ್ಲ. ಪುಟ ೪೧ ನೋಡುವುದು." ಸಂತೋಷ, ತಮಗಾದರೂ ಆ ಪುಟ ಬೇಗ ಸಿಕ್ಕಿತು!

ಕುಮಟೆಯಿಂದ ಭಟ್ಕಳದ ತನಕ ಇಂಥ ಯಂತ್ರಗಳು ಪಟದ ಪಕ್ಕದಲ್ಲೇ ಕೂತಿವೆ. ಆ ಒಂದು ಸಾಲನ್ನು ದಪ್ಪಕ್ಷರದಲ್ಲಿ ಚೀಟಿ ಮಾಡಿ ನಾನೇ ಹಂಚಲು ಹೋದೆ. ದೋಣಿ ಮಾಲೀಕ ನಾಗ ತಿರುಗಿಸಿ ನೋಡಿದ. "ಸರ್ಕಾರದ್ದು ಮೊಹರು ಎಲ್ಲದೆ? ಹೊರಗಿಟ್ಟು ಹಾಳಾದ್ರೆ ನೀ ಜವಾಬ್ದಾರಿಯಾ?" ಎಂದು ಹಿಂದಕ್ಕೆ ಕೊಟ್ಟ. ಅವನನ್ನು ಬೈಯಲು ನನಗೆ ಬಾಯಿಲ್ಲ.

ಹೊಸ ಕೈಪಿಡಿ ಬೇಡ. ಅದಕ್ಕೊಂದು ಸಮಿತಿಯಾಗಿ, ನಾಲ್ಕನೇ ಗಣ್ಯರ ಸಂದೇಶ ಸೇರುತ್ತದೆ, ಅಷ್ಟೇ. ನನ್ನ ಚೀಟಿಗೆ ತಮ್ಮ ಮೊಹರು ಹಾಕಿ ಕೊಡಿ. ಕೊಡುತ್ತೀರೆಂಬ ಭರವಸೆ ನನಗಿಲ್ಲ. ನಾಗನ ದೋಣಿ ನಾಡಿದ್ದು ಹೊರಡುತ್ತದೆ. ಏಳು ಜನ ಹೋಗುತ್ತಿದ್ದಾರೆ.

ಇಂತಿ,
ಕೇಳುವವರಿಲ್ಲವೆಂದು ತಿಳಿದೂ ಬರೆದ,
ಮಾಲತಿ ಹರಿಕಂತ್ರ, ತದಡಿ